ದಶಮಾಂಶ ಬಿಂದು ತಪ್ಪದಂತೆ ಲೆಕ್ಕ ಮಾಡುವ ಕ್ರಮ: ಕೂಡುವುದರಿಂದ ಭಾಗಿಸುವವರೆಗೆ

ದಶಮಾಂಶದ ಲೆಕ್ಕ ತಪ್ಪಿದ ಹಾಳೆಗಳನ್ನು ತಿದ್ದುವಾಗ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಅಂಕಿಗಳೆಲ್ಲ ಸರಿಯಾಗಿರುತ್ತವೆ, ಬಿಂದು ಮಾತ್ರ ತಪ್ಪಾದ ಜಾಗದಲ್ಲಿರುತ್ತದೆ. ಮಗ್ಗಿ ಬಾಯಿಪಾಠವಿರುವವರೂ, ದೊಡ್ಡ ಗುಣಾಕಾರಗಳನ್ನು ಸಲೀಸಾಗಿ ಮಾಡುವವರೂ 4.6 ಲೀಟರ್ ಹಾಲಿನ ಬೆಲೆಯನ್ನು ಹತ್ತು ಪಟ್ಟು ಹೆಚ್ಚಾಗಿಯೋ ಹತ್ತನೇ ಒಂದು ಪಾಲಾಗಿಯೋ ಬರೆದಿಟ್ಟು ಮುಂದಿನ ಲೆಕ್ಕಕ್ಕೆ ಹೋಗಿರುತ್ತಾರೆ. ಕೂಡುವಾಗಿನ ನಿಯಮವನ್ನು ಗುಣಿಸುವಾಗ ಬಳಸುವುದು, ಗುಣಿಸುವಾಗಿನ ನಿಯಮವನ್ನು ಭಾಗಿಸುವಾಗ ಬಳಸುವುದು, ಉತ್ತರದ ಗಾತ್ರವನ್ನು ಮೊದಲೇ ಊಹಿಸದಿರುವುದು, ಈ ಮೂರೇ ಹೆಚ್ಚಿನ ತಪ್ಪುಗಳ ಮೂಲ.

ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲಿಯೇ ಅನುಸರಿಸಬೇಕು. ಭಾಗಾಕಾರವೊಂದೇ ಬರುವುದಿಲ್ಲ ಎಂದು ನೇರವಾಗಿ ಆರನೆಯ ಹಂತಕ್ಕೆ ಹೋದವರು ಸಾಮಾನ್ಯವಾಗಿ ಮೊದಲನೆಯ ಹಂತಕ್ಕೇ ಮರಳಬೇಕಾಗುತ್ತದೆ.

## ಬೇಕಾಗುವ ಸಾಮಗ್ರಿ

ಚೌಕಗಳಿರುವ ಲೆಕ್ಕದ ಪುಸ್ತಕ, ಚೂಪಾದ ಪೆನ್ಸಿಲ್, ರಬ್ಬರ್ ಮತ್ತು ಬಿಂದುವನ್ನು ಮಾತ್ರ ಬರೆಯಲು ಬೇರೆ ಬಣ್ಣದ ಒಂದು ಪೆನ್ನು ಸಾಕು. ಒಂದು ಚೌಕಕ್ಕೆ ಒಂದೇ ಅಂಕಿ ಬರೆಯಬೇಕು ಮತ್ತು ಬಿಂದುವನ್ನು ಎರಡು ಚೌಕಗಳ ನಡುವಿನ ಗೆರೆಯ ಮೇಲೆ ಇಡಬೇಕು. ಬಿಂದುವಿಗೇ ಒಂದು ಚೌಕ ಕೊಟ್ಟರೆ, ಬಿಂದುವಿಲ್ಲದ ಸಂಖ್ಯೆಯನ್ನು ಅದೇ ಲೆಕ್ಕದಲ್ಲಿ ಬರೆಯುವಾಗ ಸಾಲು ಒಂದು ಚೌಕ ಜರುಗಿಬಿಡುತ್ತದೆ. ಚೌಕದ ಪುಸ್ತಕ ಸಿಗದಿದ್ದರೆ ಗೆರೆಯ ಪುಸ್ತಕವನ್ನು ಅಡ್ಡಲಾಗಿ ತಿರುಗಿಸಿ ಇಟ್ಟುಕೊಳ್ಳಬಹುದು. ಆಗ ಗೆರೆಗಳೇ ಸ್ಥಾನಗಳನ್ನು ಬೇರ್ಪಡಿಸುತ್ತವೆ. ಕ್ಯಾಲ್ಕುಲೇಟರನ್ನು ಕೊನೆಯ ಹಂತದವರೆಗೆ ಮುಟ್ಟಬೇಡಿ.

## ಹಂತ 1: ಸ್ಥಾನ ಗುರುತಿಸಿ, ಸಂಖ್ಯೆಯನ್ನು ಸರಿಯಾಗಿ ಓದಿ

ಬಿಂದುವಿನ ಕೆಲಸ ಒಂದೇ: ತನ್ನ ಎಡಕ್ಕಿರುವ ಅಂಕಿಯೇ ಬಿಡಿ ಸ್ಥಾನದ್ದು ಎಂದು ತೋರಿಸುವುದು. ಅಲ್ಲಿಂದ ಎಡಕ್ಕೆ ಹೋದಂತೆ ಹತ್ತು, ನೂರು, ಸಾವಿರ ಎಂದು ಪ್ರತಿ ಸ್ಥಾನದ ಬೆಲೆ ಹತ್ತು ಪಟ್ಟಾಗುತ್ತದೆ. ಬಲಕ್ಕೆ ಹೋದಂತೆ ದಶಾಂಶ, ಶತಾಂಶ, ಸಹಸ್ರಾಂಶ ಎಂದು ಹತ್ತನೇ ಒಂದಾಗುತ್ತದೆ. ಹಾಗಾಗಿ 3.25 ಎಂದರೆ ಮೂರು ಬಿಡಿ, ಎರಡು ದಶಾಂಶ, ಐದು ಶತಾಂಶ.

ಓದುವ ರೀತಿಯನ್ನು ಇಲ್ಲೇ ತಿದ್ದಿಕೊಳ್ಳಬೇಕು. 3.25 ಅನ್ನು "ಮೂರು ಪಾಯಿಂಟ್ ಇಪ್ಪತ್ತೈದು" ಎಂದು ಓದುವ ಅಭ್ಯಾಸ ನಮ್ಮಲ್ಲಿ ಬಹಳ ವ್ಯಾಪಕವಾಗಿದೆ. ಹಾಗೆ ಓದಿದವರ ಕಿವಿಗೆ 3.4 ಎನ್ನುವುದು "ಮೂರು ಪಾಯಿಂಟ್ ನಾಲ್ಕು" ಎಂದು ಕೇಳುತ್ತದೆ. ಇಪ್ಪತ್ತೈದರ ಮುಂದೆ ನಾಲ್ಕು ಚಿಕ್ಕದಾದ್ದರಿಂದ 3.25 ದೊಡ್ಡದು ಎಂಬ ತೀರ್ಮಾನಕ್ಕೆ ಅವರು ಬರುತ್ತಾರೆ. "ಮೂರು ಬಿಂದು ಎರಡು ಐದು" ಎಂದು ಅಂಕಿ ಅಂಕಿಯಾಗಿ ಓದಿದರೆ ಈ ತಪ್ಪು ಹುಟ್ಟುವುದೇ ಇಲ್ಲ. ಎರಡು ಸಂಖ್ಯೆಗಳನ್ನು ಹೋಲಿಸುವಾಗ ಬಲತುದಿಗೆ ಸೊನ್ನೆ ಸೇರಿಸಿ ಸ್ಥಾನಗಳ ಸಂಖ್ಯೆಯನ್ನು ಸಮ ಮಾಡಿಕೊಳ್ಳಿ: 3.25 ಮತ್ತು 3.40 ಎಂದು ಬರೆದ ಕೂಡಲೇ ಯಾವುದು ದೊಡ್ಡದೆಂದು ಕಾಣುತ್ತದೆ.

ಬಲತುದಿಯ ಸೊನ್ನೆ ಬೆಲೆಯನ್ನು ಬದಲಿಸುವುದಿಲ್ಲ, ನಡುವಿನ ಸೊನ್ನೆ ಬದಲಿಸುತ್ತದೆ. ಇದನ್ನು ಅಕ್ಕಸಾಲಿಗರ ಅಂಗಡಿಯ ತಕ್ಕಡಿಯಲ್ಲಿ ನೋಡಬಹುದು. ಅಲ್ಲಿ ಗ್ರಾಮಿನ ನಂತರ ಮೂರು ಸ್ಥಾನಗಳಿದ್ದರೆ 8.500 ಎಂದರೆ ಎಂಟು ಗ್ರಾಂ ಐನೂರು ಮಿಲಿ, 8.050 ಎಂದರೆ ಎಂಟು ಗ್ರಾಂ ಐವತ್ತು ಮಿಲಿ. 8.5 ಮತ್ತು 8.500 ಒಂದೇ ತೂಕ, 8.5 ಮತ್ತು 8.05 ರ ನಡುವೆ ಸುಮಾರು ಅರ್ಧ ಗ್ರಾಂ ಚಿನ್ನದ ವ್ಯತ್ಯಾಸವಿದೆ.

ಒಂದಕ್ಕಿಂತ ಚಿಕ್ಕ ಸಂಖ್ಯೆಯ ಬಿಂದುವಿನ ಹಿಂದೆ ಸೊನ್ನೆಯನ್ನು ತಪ್ಪದೆ ಬರೆಯಿರಿ. ಮಗುವಿಗೆ ಕೊಡುವ ಔಷಧಿಯ ಪ್ರಮಾಣವನ್ನು .5 ಎಂದು ಚೀಟಿಯಲ್ಲಿ ಬರೆದರೆ, ಮಸುಕಾದ ಚುಕ್ಕೆ ಕಣ್ತಪ್ಪಿದಾಗ ಅದು 5 ಆಗುತ್ತದೆ, 0.5 ಎಂದು ಬರೆದರೆ ಹಿಂದಿನ ಸೊನ್ನೆಯೇ ಎಚ್ಚರಿಸುತ್ತದೆ. ಔಷಧಿಯ ವಿಷಯದಲ್ಲಿ ಇನ್ನೊಂದು ಮಾತೂ ಇದೆ. ಅಲ್ಲಿ 5 ಅನ್ನು 5.0 ಎಂದು ಬರೆಯಬಾರದು, ಏಕೆಂದರೆ ಚುಕ್ಕೆ ಅಳಿಸಿದರೆ ಅದು 50 ಆಗುತ್ತದೆ. ಲೆಕ್ಕದಲ್ಲಿ ನೆರವಾಗುವ ಬಲತುದಿಯ ಸೊನ್ನೆ ಔಷಧಿ ಚೀಟಿಯಲ್ಲಿ ಅಪಾಯಕಾರಿ.

ಜರ್ಮನಿ, ಫ್ರಾನ್ಸ್ ಮುಂತಾದ ದೇಶಗಳಲ್ಲಿ ಬಿಂದುವಿನ ಜಾಗದಲ್ಲಿ ಅಲ್ಪವಿರಾಮ ಹಾಕುತ್ತಾರೆ; ಅಲ್ಲಿ 1,5 ಎಂದರೆ ಒಂದೂವರೆ. ಅಲ್ಲಿನ ಶಾಲೆಗೆ ಹೋಗುವ ಮಗುವಿಗೆ ಮನೆಯಲ್ಲಿ ಲೆಕ್ಕ ಹೇಳಿಕೊಡುವ ಕನ್ನಡಿಗರು ಶಾಲೆಯ ಗುರುತನ್ನೇ ಬಳಸಬೇಕು.

## ಹಂತ 2: ಕಣ್ಣಿಗೆ ಕಾಣುವುದು ನಿಜವಾಗಿ ದಶಮಾಂಶವೇ ಎಂದು ಕೇಳಿಕೊಳ್ಳಿ

ಈ ಹಂತವನ್ನು ಬಹುತೇಕ ಪಾಠಗಳು ಬಿಟ್ಟುಬಿಡುತ್ತವೆ, ಆದರೆ ದೊಡ್ಡವರು ಹೆಚ್ಚಾಗಿ ಎಡವುವುದು ಇಲ್ಲೇ. ಹತ್ತರ ಲೆಕ್ಕದಲ್ಲಿ ಒಡೆಯದ ಅಳತೆಗಳನ್ನೂ ನಾವು ಚುಕ್ಕೆ ಇಟ್ಟು ಬರೆಯುತ್ತೇವೆ. ಆ ಚುಕ್ಕೆ ದಶಮಾಂಶ ಬಿಂದುವಲ್ಲ, ಎರಡು ಅಳತೆಗಳನ್ನು ಬೇರ್ಪಡಿಸುವ ಗುರುತು ಮಾತ್ರ.

ಜಮೀನಿನ ಲೆಕ್ಕವನ್ನು ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಒಂದು ಎಕರೆಗೆ 40 ಗುಂಟೆ. "2.20 ಎಕರೆ" ಎಂದು ಊರಿನಲ್ಲಿ ಬರೆದುಕೊಂಡರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅಣ್ಣನ 2.20 ಮತ್ತು ತಮ್ಮನ 1.30 ಅನ್ನು ದಶಮಾಂಶವೆಂದು ಕೂಡಿದರೆ 3.50 ಬರುತ್ತದೆ, ಇದು ತಪ್ಪು. ಗುಂಟೆಗಳನ್ನು ಬೇರೆಯಾಗಿ ಕೂಡಿದರೆ 50 ಗುಂಟೆ, ಅದರಲ್ಲಿ 40 ಗುಂಟೆ ಒಂದು ಎಕರೆಯಾಗಿ ಹೋಗಿ 10 ಉಳಿಯುತ್ತದೆ. ಒಟ್ಟು 4 ಎಕರೆ 10 ಗುಂಟೆ. ದರದಿಂದ ಗುಣಿಸುವ ಮುಂಚೆ ಗುಂಟೆಯನ್ನು 40 ರಿಂದ ಭಾಗಿಸಿ ನಿಜವಾದ ದಶಮಾಂಶಕ್ಕೆ ತರಬೇಕು. ಆಗ ಇವು 2.5 ಮತ್ತು 1.75 ಎಕರೆಗಳಾಗಿ, ಮೊತ್ತ 4.25 ಎಕರೆಯಾಗುತ್ತದೆ.

ಕ್ರಿಕೆಟ್ಟಿನ 4.3 ಓವರ್ ಕೂಡ ಇಂಥದ್ದೇ. ಓವರಿಗೆ ಆರು ಎಸೆತಗಳಾದ್ದರಿಂದ ಅದು ನಾಲ್ಕೂವರೆ ಓವರ್. 36 ರನ್ನುಗಳನ್ನು 4.3 ರಿಂದ ಭಾಗಿಸಿದವರಿಗೆ ಸುಮಾರು 8.37 ಸಿಗುತ್ತದೆ, 4.5 ರಿಂದ ಭಾಗಿಸಿದರೆ ಸರಿಯಾದ 8 ಸಿಗುತ್ತದೆ. ಒಂದೂವರೆ ಗಂಟೆಯನ್ನು 1.30 ಎಂದು ಬರೆಯುವುದು, ಐದು ಅಡಿ ಆರು ಅಂಗುಲವನ್ನು 5.6 ಎಂದು ಬರೆಯುವುದು ಇದೇ ಗುಂಪಿಗೆ ಸೇರುತ್ತವೆ. ಹಣ, ಕಿಲೋ, ಲೀಟರ್, ಮೀಟರುಗಳಲ್ಲಿ ಈ ತೊಂದರೆಯಿಲ್ಲ, ಏಕೆಂದರೆ ಅವು ನೂರು ಅಥವಾ ಸಾವಿರದ ಲೆಕ್ಕದಲ್ಲಿಯೇ ಒಡೆಯುತ್ತವೆ.

## ಹಂತ 3: ಉತ್ತರದ ಅಂದಾಜನ್ನು ಮೊದಲೇ ಬರೆದಿಡಿ

ಲೆಕ್ಕ ಆರಂಭಿಸುವ ಮುನ್ನ ಪ್ರತಿಯೊಂದು ಸಂಖ್ಯೆಯನ್ನೂ ಹತ್ತಿರದ ಸುಲಭವಾದ ಸಂಖ್ಯೆಗೆ ಬದಲಿಸಿ, ಬಾಯಿಲೆಕ್ಕ ಮಾಡಿ, ಬಂದ ಅಂದಾಜನ್ನು ಪುಟದ ಅಂಚಿನಲ್ಲಿ ಬರೆಯಿರಿ. 4.6 ಅನ್ನು 33.5 ರಿಂದ ಗುಣಿಸಬೇಕಿದ್ದರೆ 5 ಗುಣಿಸು 30, ಅಂದರೆ ಸುಮಾರು 150. ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು. ಉತ್ತರ ಬಂದ ಮೇಲೆ ಮನಸ್ಸು ಆ ಉತ್ತರಕ್ಕೆ ತಕ್ಕಂತೆ ಅಂದಾಜನ್ನು ತಿದ್ದಿಕೊಳ್ಳುತ್ತದೆ. ಬರೆದಿಟ್ಟ ಸಂಖ್ಯೆ ಬದಲಾಗುವುದಿಲ್ಲ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಅಭ್ಯಾಸವನ್ನು ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

## ಹಂತ 4: ಕೂಡುವುದು ಮತ್ತು ಕಳೆಯುವುದು

ಇಲ್ಲಿನ ನಿಯಮ ಬಿಂದುವಿನ ಕೆಳಗೆ ಬಿಂದು. ಮೊದಲು ಬಿಂದುಗಳನ್ನೇ ಒಂದರ ಕೆಳಗೊಂದು ಬಣ್ಣದ ಪೆನ್ನಿನಿಂದ ಇಟ್ಟು, ಆಮೇಲೆ ಅವುಗಳ ಎಡ ಬಲಗಳಲ್ಲಿ ಅಂಕಿಗಳನ್ನು ತುಂಬಿ, ಖಾಲಿ ಉಳಿದ ಬಲಗಡೆಯ ಚೌಕಗಳಲ್ಲಿ ಸೊನ್ನೆ ಬರೆಯಿರಿ. 12.5 ಕಿಲೋ ಅಕ್ಕಿ, 3.75 ಕಿಲೋ ಬೇಳೆ, 0.125 ಕಿಲೋ ಜೀರಿಗೆಯ ಒಟ್ಟು ತೂಕ ಹೀಗೆ ಬರುತ್ತದೆ:

12.500
03.750
00.125
———
16.375

ಬಿಂದುವಿಲ್ಲದ ಪೂರ್ಣಸಂಖ್ಯೆ ಬಂದರೆ ಬಿಂದು ಅದರ ಬಲತುದಿಯಲ್ಲಿದೆ ಎಂದು ತಿಳಿಯಬೇಕು. 15 ಎಂದರೆ 15.000.

ಸಾಮಾನ್ಯ ತಪ್ಪುಗಳು ಎರಡು. ಪೂರ್ಣಸಂಖ್ಯೆಗಳನ್ನು ಬಲತುದಿ ಸೇರಿಸಿ ಬರೆದ ಅಭ್ಯಾಸದಿಂದ 12.5 ರ ಐದನ್ನು 3.75 ರ ಐದರ ಕೆಳಗೆ ಇಡುವುದು ಮೊದಲನೆಯದು. ದಶಾಂಶಕ್ಕೆ ಶತಾಂಶವನ್ನು ಕೂಡುವುದು ಹತ್ತು ಪೈಸೆಯ ನಾಣ್ಯವನ್ನೂ ಒಂದು ಪೈಸೆಯ ನಾಣ್ಯವನ್ನೂ ಒಂದೇ ಎಂದು ಎಣಿಸಿದಂತೆ. ಬಿಂದುವಿನ ಎರಡು ಬದಿಗಳನ್ನು ಬೇರೆ ಬೇರೆ ಲೆಕ್ಕವೆಂದು ಭಾವಿಸುವುದು ಎರಡನೆಯದು. 2.7 ಕ್ಕೆ 1.6 ಕೂಡಿದಾಗ ಏಳೂ ಆರೂ ಹದಿಮೂರು, ಎರಡೂ ಒಂದೂ ಮೂರು ಎಂದು 3.13 ಬರೆಯುತ್ತಾರೆ. ಹದಿಮೂರು ದಶಾಂಶಗಳಲ್ಲಿ ಹತ್ತು ಸೇರಿ ಒಂದು ಬಿಡಿಯಾಗಿ ಬಿಂದುವನ್ನು ದಾಟಿ ಎಡಕ್ಕೆ ಹೋಗಬೇಕು, ಉತ್ತರ 4.3 ಆಗುತ್ತದೆ. ಬಿಂದು ಗೋಡೆಯಲ್ಲ, ದಶಕ ಅದನ್ನು ದಾಟುತ್ತದೆ.

ಕಳೆಯುವಾಗ ಸೊನ್ನೆ ತುಂಬುವುದು ಅನಿವಾರ್ಯ. ಐದು ಲೀಟರ್ ಎಣ್ಣೆಯ ಡಬ್ಬದಿಂದ 1.275 ಲೀಟರ್ ಖರ್ಚಾಗಿದೆ ಎನ್ನಿ. 5 ರ ಮುಂದೆ ಸೊನ್ನೆ ಬರೆಯದವರು ಐದರಲ್ಲಿ ಒಂದು ಹೋದರೆ ನಾಲ್ಕು ಎಂದು, ಕಳೆಯಲು ಮೇಲೆ ಏನೂ ಕಾಣದ 275 ಅನ್ನು ಹಾಗೆಯೇ ಇಳಿಸಿ 4.275 ಎನ್ನುತ್ತಾರೆ. 5.000 ಎಂದು ಬರೆದುಕೊಂಡರೆ ಬಲತುದಿಯ ಸೊನ್ನೆಗೆ ಎಡದಿಂದ ಕಡ ತರಬೇಕೆಂಬುದು ಕಾಣುತ್ತದೆ. ಐದು ನಾಲ್ಕಾಗಿ, ನಡುವಿನ ಎರಡು ಸೊನ್ನೆಗಳು ಒಂಬತ್ತಾಗಿ, ಕೊನೆಯ ಸೊನ್ನೆ ಹತ್ತಾಗಿ, ಉಳಿಕೆ 3.725 ಬರುತ್ತದೆ. ಉಳಿಕೆಗೆ ಖರ್ಚನ್ನು ಕೂಡಿದಾಗ 5.000 ಬಂದರೆ ಲೆಕ್ಕ ಸರಿ.

## ಹಂತ 5: ಗುಣಿಸುವುದು

ಇಲ್ಲಿ ಬಿಂದುಗಳನ್ನು ಒಂದರ ಕೆಳಗೊಂದು ಇಡುವ ಅಗತ್ಯವಿಲ್ಲ. ಕ್ರಮ ಹೀಗಿದೆ: ಬಿಂದುಗಳನ್ನು ಮರೆತು ಪೂರ್ಣಸಂಖ್ಯೆಗಳಂತೆ ಗುಣಿಸಿ, ಎರಡೂ ಸಂಖ್ಯೆಗಳಲ್ಲಿ ಬಿಂದುವಿನ ಬಲಕ್ಕೆ ಒಟ್ಟು ಎಷ್ಟು ಅಂಕಿಗಳಿವೆ ಎಂದು ಎಣಿಸಿ, ಗುಣಲಬ್ಧದ ಬಲತುದಿಯಿಂದ ಅಷ್ಟೇ ಅಂಕಿಗಳನ್ನು ಎಣಿಸಿ ಬಿಂದು ಇಡಿ. ಲೀಟರಿಗೆ 33.5 ರೂಪಾಯಿಯಂತೆ 4.6 ಲೀಟರ್ ಹಾಲಿಗೆ ಎಷ್ಟು ಎಂದು ನೋಡೋಣ. 46 ಗುಣಿಸು 335 ಎಂದರೆ 15410. ಒಂದರಲ್ಲಿ ಒಂದು, ಇನ್ನೊಂದರಲ್ಲಿ ಒಂದು, ಒಟ್ಟು ಎರಡು ಸ್ಥಾನ. ಉತ್ತರ 154.10 ರೂಪಾಯಿ. ಅಂಚಿನಲ್ಲಿ ಬರೆದ 150 ಕ್ಕೆ ಇದು ಹತ್ತಿರವಿದೆ.

ಎಣಿಸುವ ನಿಯಮ ಬಂದದ್ದು ಹೀಗೆ: 4.6 ಎನ್ನುವುದು 46 ರ ಹತ್ತನೇ ಒಂದು, 33.5 ಎನ್ನುವುದು 335 ರ ಹತ್ತನೇ ಒಂದು. ಆದ್ದರಿಂದ ಗುಣಲಬ್ಧ 15410 ರ ನೂರನೇ ಒಂದು ಆಗಲೇಬೇಕು. ಈ ಕಾರಣ ತಿಳಿದವರು ನಿಯಮವನ್ನು ಮರೆತರೂ ಮತ್ತೆ ಕಟ್ಟಿಕೊಳ್ಳಬಲ್ಲರು.

ಇದೇ ಲೆಕ್ಕದಲ್ಲಿ ಎರಡು ತಪ್ಪು ಉತ್ತರಗಳು ಬರುತ್ತವೆ. ಎರಡೂ ಸಂಖ್ಯೆಗಳಲ್ಲಿ ಬಿಂದುವಿನ ನಂತರ ಒಂದೇ ಅಂಕಿ ಇರುವುದರಿಂದ ಕೂಡುವಾಗಿನಂತೆ ಬಿಂದುವನ್ನು ನೇರ ಕೆಳಗಿಳಿಸಿದವರು 1541.0 ಎಂದು ಬರೆಯುತ್ತಾರೆ. ಕೊನೆಯ ಸೊನ್ನೆ ಬೇಡವೆಂದು ಅದನ್ನು ಮೊದಲೇ ಅಳಿಸಿ, ಉಳಿದ 1541 ರಲ್ಲಿ ಎರಡು ಸ್ಥಾನ ಎಣಿಸಿದವರು 15.41 ಎನ್ನುತ್ತಾರೆ. ಎರಡನೆಯ ತಪ್ಪು ಹೆಚ್ಚು ಮೋಸದ್ದು, ಏಕೆಂದರೆ ಅದನ್ನು ಮಾಡಿದವರಿಗೆ ನಿಯಮ ಗೊತ್ತಿರುತ್ತದೆ. ಮೊದಲು ಬಿಂದು ಇಡಬೇಕು, ಆಮೇಲೆ ಬೇಕಿದ್ದರೆ ಸೊನ್ನೆ ಬಿಡಬೇಕು.

ಅಂಕಿಗಳು ಸಾಲದಿದ್ದಾಗ ಎಡಕ್ಕೆ ಸೊನ್ನೆ ಸೇರಿಸಿ. 0.2 ಗುಣಿಸು 0.3 ಎಂದರೆ ಎರಡು ಮೂರಲೆ ಆರು, ಎರಡು ಸ್ಥಾನ ಬೇಕು, ಇರುವುದು ಒಂದೇ ಅಂಕಿ, ಹಾಗಾಗಿ 0.06. ಗುಣಿಸಿದರೆ ದೊಡ್ಡದಾಗಬೇಕೆಂಬ ನಂಬಿಕೆಯಿಂದ 0.6 ಬರೆಯುವವರು ಹಲವರು. ಒಂದಕ್ಕಿಂತ ಚಿಕ್ಕ ಸಂಖ್ಯೆಯಿಂದ ಗುಣಿಸುವುದೆಂದರೆ ಅದರ ಒಂದು ಪಾಲನ್ನು ಮಾತ್ರ ತೆಗೆದುಕೊಳ್ಳುವುದು, ಆದ್ದರಿಂದ ಉತ್ತರ ಚಿಕ್ಕದಾಗುತ್ತದೆ.

ಹತ್ತರಿಂದ ಗುಣಿಸಲು "ಒಂದು ಸೊನ್ನೆ ಹಚ್ಚು" ಎಂದು ಕಲಿತವರು 2.5 ರ ಹತ್ತು ಪಟ್ಟು 2.50 ಎನ್ನುತ್ತಾರೆ. ಸೊನ್ನೆ ಹಚ್ಚುವುದು ಪೂರ್ಣಸಂಖ್ಯೆಗೆ ಮಾತ್ರ ಸಲ್ಲುತ್ತದೆ. ದಶಮಾಂಶದಲ್ಲಿ ಹತ್ತಕ್ಕೆ ಒಂದು, ನೂರಕ್ಕೆ ಎರಡು, ಲಕ್ಷಕ್ಕೆ ಐದು ಸ್ಥಾನ ಬಿಂದುವನ್ನು ಬಲಕ್ಕೆ ಸರಿಸಬೇಕು. 1.5 ಲಕ್ಷ ಎಂದರೆ 1,50,000 ರೂಪಾಯಿ, 1.05 ಲಕ್ಷ ಎಂದರೆ 1,05,000 ರೂಪಾಯಿ. ಇವೆರಡನ್ನು ಅದಲುಬದಲು ಮಾಡಿದರೆ 45,000 ರೂಪಾಯಿಯ ವ್ಯತ್ಯಾಸವಾಗುತ್ತದೆ.

## ಹಂತ 6: ಭಾಗಿಸುವುದು

ಅತಿ ಹೆಚ್ಚು ಜನ ಕೈಬಿಡುವ ಭಾಗ ಇದು. ಇದನ್ನು ಮೂರು ಸಂದರ್ಭಗಳಾಗಿ ಬಿಡಿಸಿ, ಒಂದು ಪಳಗುವವರೆಗೆ ಇನ್ನೊಂದಕ್ಕೆ ಹೋಗದಿರುವುದು ಒಳ್ಳೆಯದು.

ಮೊದಲನೆಯದು, ಭಾಜಕ, ಅಂದರೆ ಯಾವುದರಿಂದ ಭಾಗಿಸುತ್ತೇವೋ ಆ ಸಂಖ್ಯೆ, ಪೂರ್ಣಸಂಖ್ಯೆಯಾಗಿದ್ದಾಗ. ಭಾಜ್ಯದ (ಭಾಗಿಸಬೇಕಾದ ಸಂಖ್ಯೆಯ) ಬಿಂದುವಿನ ನೇರಕ್ಕೆ, ಭಾಗಲಬ್ಧ (ಭಾಗಿಸಿ ಬಂದ ಉತ್ತರ) ಬರೆಯುವ ಮೇಲಿನ ಸಾಲಿನಲ್ಲಿ, ಭಾಗಿಸುವ ಮುಂಚೆಯೇ ಬಿಂದು ಇಟ್ಟುಬಿಡಿ. 18.54 ಅನ್ನು 9 ರಿಂದ ಭಾಗಿಸುವಾಗ ಹದಿನೆಂಟರಲ್ಲಿ ಒಂಬತ್ತು ಎರಡು ಸಲ. ಮುಂದಿನ ಐದರಲ್ಲಿ ಒಂಬತ್ತು ಒಂದು ಸಲವೂ ಹೋಗುವುದಿಲ್ಲ, ಆದ್ದರಿಂದ ಅದರ ಮೇಲೆ ಸೊನ್ನೆ ಬರೆಯಬೇಕು. ನಾಲ್ಕನ್ನು ಇಳಿಸಿದರೆ ಐವತ್ನಾಲ್ಕು, ಅದರಲ್ಲಿ ಆರು ಸಲ. ಉತ್ತರ 2.06. ಆ ಸೊನ್ನೆಯನ್ನು ಬಿಟ್ಟವರ ಉತ್ತರ 2.6 ಆಗುತ್ತದೆ. ಇಳಿಸಿದ ಪ್ರತಿಯೊಂದು ಅಂಕಿಗೂ ಮೇಲೆ ಒಂದು ಅಂಕಿ ಇರಲೇಬೇಕು ಎಂದು ನೆನಪಿಟ್ಟು, ಕೊನೆಯಲ್ಲಿ ಬೆರಳಿಟ್ಟು ಎಣಿಸಿ ನೋಡಿ.

ಎರಡನೆಯದು, ಶೇಷ ಉಳಿದಾಗ. 7 ಅನ್ನು 4 ರಿಂದ ಭಾಗಿಸಿದರೆ ಒಂದು ಸಲ ಹೋಗಿ 3 ಉಳಿಯುತ್ತದೆ. ಈ ಮೂರನ್ನು ಹಾಗೆಯೇ ಬಿಂದುವಿನ ಮುಂದೆ ಬರೆದು 1.3 ಎನ್ನುವವರು ಬಹಳ ಮಂದಿ. ಉಳಿದದ್ದು ಮೂರು ಬಿಡಿಗಳು, ಮೂರು ದಶಾಂಶಗಳಲ್ಲ. ಮೂರು ಬಿಡಿಗಳನ್ನು ಒಡೆದರೆ 30 ದಶಾಂಶಗಳಾಗುತ್ತವೆ. ಅದರಲ್ಲಿ ನಾಲ್ಕು ಏಳು ಸಲ ಹೋಗಿ ಎರಡು ಉಳಿಯುತ್ತದೆ. ಆ ಎರಡು 20 ಶತಾಂಶಗಳಾಗಿ ಐದು ಸಲ ಪೂರ್ತಿ ಹೋಗುತ್ತದೆ. ಉತ್ತರ 1.75.

ಮೂರನೆಯದು, ಭಾಜಕದಲ್ಲೇ ಬಿಂದು ಇದ್ದಾಗ. ಮೊದಲು ಭಾಜಕವನ್ನು ಪೂರ್ಣಸಂಖ್ಯೆ ಮಾಡಲು ಬಿಂದು ಎಷ್ಟು ಸ್ಥಾನ ಸರಿಯಬೇಕೆಂದು ನೋಡಿ. ಭಾಜ್ಯದ ಬಿಂದುವನ್ನೂ ಅಷ್ಟೇ ಸ್ಥಾನ ಬಲಕ್ಕೆ ಸರಿಸಿ. 20 ರೂಪಾಯಿಯನ್ನು 5 ಜನರಿಗೆ ಹಂಚಿದರೂ 200 ರೂಪಾಯಿಯನ್ನು 50 ಜನರಿಗೆ ಹಂಚಿದರೂ ಒಬ್ಬರ ಪಾಲು ಬದಲಾಗದಂತೆ, ಎರಡನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿದಾಗ ಭಾಗಲಬ್ಧ ಬದಲಾಗುವುದಿಲ್ಲ. 7.5 ಕಿಲೋ ಗೋಡಂಬಿಯನ್ನು 0.25 ಕಿಲೋದ ಪೊಟ್ಟಣಗಳಾಗಿ ಕಟ್ಟಿದರೆ ಎಷ್ಟು ಪೊಟ್ಟಣ? ಭಾಜಕ ಎರಡು ಸ್ಥಾನ ಸರಿದು 25 ಆಗುತ್ತದೆ. ಭಾಜ್ಯವೂ ಎರಡು ಸ್ಥಾನ ಸರಿಯಬೇಕು, ಅಂಕಿ ಸಾಲದ ಕಡೆ ಸೊನ್ನೆ ಬಂದು 750 ಆಗುತ್ತದೆ. ಉತ್ತರ 30 ಪೊಟ್ಟಣ.

ಎರಡು ಸಂಖ್ಯೆಗಳ ಬಿಂದುಗಳನ್ನೂ ತಮ್ಮ ತಮ್ಮ ಲೆಕ್ಕದಲ್ಲಿ ಅಳಿಸಿ 75 ಭಾಗಿಸು 25 ಎಂದು ಮಾಡಿದವರಿಗೆ 3 ಪೊಟ್ಟಣ ಸಿಗುತ್ತದೆ. ಕಿಲೋಗೆ ನಾಲ್ಕು ಪೊಟ್ಟಣ ಆಗುವಾಗ ಏಳೂವರೆ ಕಿಲೋಗೆ ಮೂರೇ ಪೊಟ್ಟಣ ಹೇಗೆ ಎಂದು ಕೇಳಿಕೊಂಡರೆ ತಪ್ಪು ತಾನಾಗಿ ಹೊರಬೀಳುತ್ತದೆ. ಒಂದಕ್ಕಿಂತ ಚಿಕ್ಕ ಸಂಖ್ಯೆಯಿಂದ ಭಾಗಿಸಿದಾಗ ಉತ್ತರ ಭಾಜ್ಯಕ್ಕಿಂತ ದೊಡ್ಡದಾಗಲೇಬೇಕು.

ಬಿಂದು ಸರಿಸಿದ ನಂತರ ಶೇಷದಲ್ಲಿಯೂ ಎಚ್ಚರ ಬೇಕು. 7.6 ಲೀಟರ್ ಹಾಲನ್ನು ಅರ್ಧ ಲೀಟರ್ ಬಾಟಲಿಗಳಿಗೆ ತುಂಬಿಸುವಾಗ 76 ಅನ್ನು 5 ರಿಂದ ಭಾಗಿಸಿ 15 ಬಾಟಲಿ, ಶೇಷ 1 ಎಂದು ಬರುತ್ತದೆ. ಉಳಿದ ಹಾಲು ಒಂದು ಲೀಟರಲ್ಲ, 0.1 ಲೀಟರ್. ಹಿಗ್ಗಿಸಿದ ಶೇಷವನ್ನು ಮತ್ತೆ ಅಷ್ಟೇ ಕುಗ್ಗಿಸಬೇಕು.

## ಹಂತ 7: ಬೇಕಾದ ಸ್ಥಾನಕ್ಕೆ ನಿಲ್ಲಿಸುವುದು

ಹಣಕ್ಕೆ ಎರಡು ಸ್ಥಾನ ಸಾಕು. ಬೇಕಾದುದಕ್ಕಿಂತ ಒಂದು ಸ್ಥಾನ ಮುಂದೆ ಹೋಗಿ, ಆ ಅಂಕಿ 5 ಅಥವಾ ಹೆಚ್ಚಿದ್ದರೆ ಹಿಂದಿನ ಅಂಕಿಗೆ ಒಂದು ಕೂಡಿ, ಕಡಿಮೆಯಿದ್ದರೆ ಬಿಟ್ಟುಬಿಡಿ. ಇದನ್ನು ಒಂದೇ ಸಲ ಮಾಡಬೇಕು: 2.446 ಅನ್ನು ಒಂದು ಸ್ಥಾನಕ್ಕೆ ತಂದರೆ 2.4 ಆಗುತ್ತದೆ, ಮೊದಲು 2.45 ಮಾಡಿ ಆಮೇಲೆ 2.5 ಮಾಡುವುದು ತಪ್ಪು. ನಡುವಿನ ಹಂತಗಳಲ್ಲಿ ಮೊಟಕು ಮಾಡಬೇಡಿ. 10 ಅನ್ನು 3 ರಿಂದ ಭಾಗಿಸಿ 3.3 ಎಂದು ನಿಲ್ಲಿಸಿ 300 ರಿಂದ ಗುಣಿಸಿದರೆ 1000 ಬರಬೇಕಾದಲ್ಲಿ 990 ಬರುತ್ತದೆ.

## ಹಂತ 8: ತಾಳೆ ನೋಡುವುದು

ಉತ್ತರವನ್ನು ಮೊದಲು ಅಂಚಿನ ಅಂದಾಜಿನೊಂದಿಗೆ, ಆಮೇಲೆ ವಿರುದ್ಧ ಕ್ರಿಯೆಯಿಂದ ಪರೀಕ್ಷಿಸಿ. ಭಾಗಿಸಿದ್ದನ್ನು ಗುಣಿಸಿ, ಕಳೆದದ್ದನ್ನು ಕೂಡಿ. ಅಂಕಿಗಳನ್ನು ಕೂಡಿ ಒಂಬತ್ತುಗಳನ್ನು ಬಿಟ್ಟು ತಾಳೆ ನೋಡುವ ಪದ್ಧತಿಯನ್ನು ಇಲ್ಲಿ ನಂಬಬೇಡಿ. ಅದು ಅಂಕಿಗಳ ತಪ್ಪನ್ನು ಹಿಡಿಯಬಲ್ಲದು, ಬಿಂದುವಿನ ತಪ್ಪನ್ನು ಹಿಡಿಯಲಾರದು, 154.10 ಕ್ಕೂ 15.41 ಕ್ಕೂ ಅಂಕಿಗಳ ಮೊತ್ತ ಒಂದೇ.

ಕ್ಯಾಲ್ಕುಲೇಟರ್ ಸಾಮಾನ್ಯವಾಗಿ ಬಲತುದಿಯ ಸೊನ್ನೆಯನ್ನು ತೋರಿಸುವುದಿಲ್ಲ. ಪರದೆಯ ಮೇಲೆ 154.1 ಕಂಡರೆ ಅದು 154 ರೂಪಾಯಿ 10 ಪೈಸೆ, 1 ಪೈಸೆಯಲ್ಲ. ಪರದೆಯ ಉತ್ತರ ಅಂದಾಜಿನಿಂದ ಹತ್ತು ಪಟ್ಟು ದೂರವಿದ್ದರೆ ಯಂತ್ರವನ್ನು ನಂಬುವ ಬದಲು ಒತ್ತಿದ ಗುಂಡಿಗಳನ್ನು ಮತ್ತೊಮ್ಮೆ ನೋಡಿ.

## ಅಭ್ಯಾಸ, ಮತ್ತು ತಪ್ಪಾದರೆ ಹೋಗಬೇಕಾದ ಹಂತ

ಕೆಳಗಿನ ಐದನ್ನು ಪುಸ್ತಕದಲ್ಲಿ ಮಾಡಿ ಮುಗಿಸಿದ ಮೇಲೆಯೇ ಅವುಗಳ ಕೆಳಗಿನ ಸಾಲುಗಳನ್ನು ಓದಿ.

1. 6.4 + 0.87 + 15
2. 20 − 7.065
3. 0.35 × 2.4
4. 21.35 ÷ 7
5. 9 ÷ 0.12

ಮೊದಲನೆಯದರ ಉತ್ತರ 22.27, ನಿಮಗೆ 1.66 ಬಂದಿದ್ದರೆ ಬಲತುದಿ ಸೇರಿಸಿ ಕೂಡಿದ್ದೀರಿ, ನಾಲ್ಕನೆಯ ಹಂತದ ಆರಂಭಕ್ಕೆ ಹೋಗಿ. ಎರಡನೆಯದು 12.935, 13.065 ಬಂದಿದ್ದರೆ ಸೊನ್ನೆ ತುಂಬದೆ ಅಂಕಿಗಳನ್ನು ಇಳಿಸಿದ್ದೀರಿ, ಎಣ್ಣೆ ಡಬ್ಬದ ಲೆಕ್ಕವನ್ನು ಮತ್ತೆ ಮಾಡಿ. ಮೂರನೆಯದು 0.84, 0.084 ಬಂದಿದ್ದರೆ 840 ರ ಸೊನ್ನೆಯನ್ನು ಬಿಂದು ಇಡುವ ಮುಂಚೆ ಅಳಿಸಿದ್ದೀರಿ. ನಾಲ್ಕನೆಯದು 3.05, 3.5 ಬಂದಿದ್ದರೆ ಮೂರರಲ್ಲಿ ಏಳು ಹೋಗದಿದ್ದಾಗ ಬರೆಯಬೇಕಾದ ಸೊನ್ನೆ ಬಿಟ್ಟುಹೋಗಿದೆ. ಐದನೆಯದು 75, 0.75 ಬಂದಿದ್ದರೆ ಭಾಜಕದ ಬಿಂದುವನ್ನು ಮಾತ್ರ ಸರಿಸಿ, 9 ರ ಮುಂದೆ ಎರಡು ಸೊನ್ನೆ ಇಡುವುದನ್ನು ಮರೆತಿದ್ದೀರಿ.